ಹಳೆಯ ನಕಾಶೆಗೆ ಚೌಕಟ್ಟು ಹಾಕಿಸಬೇಡಿ

ನಮ್ಮ ಕಡೆಯ ಹಳೆಯ ನಕಾಶೆಯೊಂದು ಯಾರದೋ ಮೊಬೈಲಿನಿಂದ ಬಂದು ಬಿದ್ದರೆ ನಾವು ಮೂರು ಕೆಲಸ ಮಾಡುತ್ತೇವೆ. ಮೊದಲು ನಮ್ಮೂರು ಎಲ್ಲಿದೆ ಎಂದು ಹುಡುಕುತ್ತೇವೆ. ಸಿಕ್ಕಿತೆಂದರೆ, ಹೆಸರನ್ನು ಇಂಗ್ಲಿಷಿನವರು ಹೇಗೆ ಕೆಡಿಸಿದ್ದಾರೆ ನೋಡು ಎಂದು ನಗುತ್ತೇವೆ. ಆಮೇಲೆ ‘ಎಂಥಾ ಕಾಲ ಇತ್ತು’ ಎಂದು ಬರೆದು ಇನ್ನೊಂದು ಗುಂಪಿಗೆ ದಾಟಿಸುತ್ತೇವೆ. ಸ್ವಲ್ಪ ಅನುಕೂಲವಿದ್ದವರು ಅದನ್ನು ದೊಡ್ಡದಾಗಿ ಮುದ್ರಿಸಿ, ಗಾಜು ಹಾಕಿಸಿ, ಪಡಸಾಲೆಯ ಗೋಡೆಗೆ ತೂಗುಹಾಕುತ್ತಾರೆ. ನಾಲ್ಕನೆಯ ಕೆಲಸವೊಂದಿದೆ, ಅದು ನಕಾಶೆಯನ್ನು ಓದುವುದು. ಅದನ್ನು ಮಾತ್ರ ಯಾರೂ ಮಾಡುವುದಿಲ್ಲ. ಈ ಬರಹ ಆ ನಾಲ್ಕನೆಯ ಕೆಲಸದ ಪರವಾಗಿದೆ. ಅದನ್ನು ಈಗಲೇ ಮಾಡದಿದ್ದರೆ ಕೃಷ್ಣೆ-ಘಟಪ್ರಭೆಯರ ಕಣಿವೆಯಲ್ಲಿ ಓದಿ ಹೋಲಿಸಿ ನೋಡಲು ನೆಲವೇ ಉಳಿಯದು ಎಂಬುದು ನನ್ನ ವಾದ.

ಹಾಳೆ ಯಾವುದೆಂದು ಮೊದಲು ಹೇಳುತ್ತೇನೆ. ಸರ್ವೆ ಆಫ್ ಇಂಡಿಯಾದ ಲೆಕ್ಕದಲ್ಲಿ ನಮ್ಮ ಸೀಮೆಯ ಹೆಸರು ‘47 ಪಿ’. ಪೂರ್ವ ರೇಖಾಂಶ 75ರಿಂದ 76 ಡಿಗ್ರಿ, ಉತ್ತರ ಅಕ್ಷಾಂಶ 16ರಿಂದ 17 ಡಿಗ್ರಿವರೆಗಿನ ಚೌಕ ಅದು. ಆ ಚೌಕವನ್ನು ಹದಿನಾರು ತುಂಡು ಮಾಡಿ, ಮೈಲಿಗೆ ಒಂದು ಇಂಚಿನ ಅಳತೆಯಲ್ಲಿ, ತುಂಡಿಗೊಂದು ಹಾಳೆ ಬರೆದರು. ರಬಕವಿ-ಬನಹಟ್ಟಿ ಮೂರನೆಯ ಹಾಳೆಗೆ ಬರುತ್ತದೆ, ಮುಧೋಳ ಏಳನೆಯದಕ್ಕೆ, ಬೀಳಗಿ ಹನ್ನೊಂದನೆಯದಕ್ಕೆ. ಜಮಖಂಡಿ ಹದಿನಾರೂವರೆ ಡಿಗ್ರಿಯ ಗೆರೆಗೆ ಅಂಟಿಕೊಂಡೇ ಕುಳಿತಿರುವುದರಿಂದ ಆರು ಮತ್ತು ಏಳನೆಯ ಹಾಳೆಗಳ ಅಂಚಿಗೆ ಬೀಳುತ್ತದೆ. ಒಂದು ದಿನದಲ್ಲಿ ಬಸ್ಸಿನಲ್ಲಿ ಸುತ್ತಿ ಬರಬಹುದಾದ ನಾಲ್ಕು ಊರುಗಳನ್ನು ನೋಡಲು ನಾಲ್ಕು ಹಾಳೆ ಜೋಡಿಸಬೇಕು.

ಜೋಡಿಸಿ ಬಿಡಿಸಿಡಿ. ಕಂದು ಗೆರೆಗಳು ನೆಲದ ಎತ್ತರ ಹೇಳುತ್ತವೆ. ನೀಲಿ ಇದ್ದಲ್ಲಿ ವರ್ಷವಿಡೀ ನೀರು. ಕಪ್ಪು ಗೆರೆಯ ಹಳ್ಳ ಮಳೆಗಾಲದಲ್ಲಿ ಹರಿದು ಬೇಸಿಗೆಗೆ ಒಣಗುವಂಥದು. ಬಾವಿಗೆ, ಗುಡಿಗೆ, ಮಸೀದಿಗೆ, ಗೋರಿಗೆ, ಕೋಟೆಗೆ ಬೇರೆ ಬೇರೆ ಗುರುತು. ಹಳ್ಳದ ಮಗ್ಗುಲಲ್ಲಿ ಒಂದು ಅಂಕಿಯೂ ಅದರ ಮುಂದೆ ‘ಆರ್’ ಅಕ್ಷರವೂ ಇದ್ದರೆ ಅದು ಆ ದಂಡೆಯ ಎತ್ತರ. ಕೆಲವು ಊರುಗಳ ಹೆಸರಿನ ಬಳಿ ಕಂಸದೊಳಗೆ ಒಂದು ವಾರದ ಹೆಸರು ಇರುತ್ತದೆ, ಅದು ಅಲ್ಲಿಯ ಸಂತೆಯ ದಿನ. ಒಂದು ವಾರದ ಸಂತೆಗಳನ್ನು ಪೆನ್ಸಿಲಿನಿಂದ ಕೂಡಿಸುತ್ತ ಹೋಗಿ. ಸೀರೆಯ ಗಂಟು ಹೊತ್ತ ನೇಕಾರ, ಮಲಾರ ಹೊತ್ತ ಬಳೆಗಾರ, ದನದ ದಲ್ಲಾಳಿ ಸೋಮವಾರದಿಂದ ರವಿವಾರದವರೆಗೆ ತುಳಿದಿರಬಹುದಾದ ದಾರಿ ಕಣ್ಣೆದುರು ಬರುತ್ತದೆ. ಕಾದಂಬರಿಕಾರನೊಬ್ಬ ಹತ್ತು ಪುಟದಲ್ಲಿ ಕಟ್ಟಬೇಕಾದ ಲೋಕದ ಅಸ್ತಿಭಾರ ಅಲ್ಲಿ ಸಿದ್ಧವಾಗಿದೆ. ಗಾಜಿನ ಹಿಂದೆ ಇಟ್ಟ ನಕಾಶೆಯ ಮೇಲೆ ಪೆನ್ಸಿಲ್ ಆಡುವುದಿಲ್ಲ, ಚೌಕಟ್ಟಿನ ಬಗ್ಗೆ ನನ್ನ ಮೊದಲ ತಕರಾರೇ ಇದು.

ಹಾಳೆಯಲ್ಲಿ ಇನ್ನೊಂದು ಬಗೆಯ ಗೆರೆಯಿದೆ, ಗಡಿಯ ಗೆರೆ. ಜಮಖಂಡಿ ಪಟವರ್ಧನರದು. ಮುಧೋಳ ಘೋರ್ಪಡೆಯವರದು. ರಬಕವಿ, ತೇರದಾಳಗಳು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಬೀಳಗಿ ಬ್ರಿಟಿಷರ ನೇರ ಆಳ್ವಿಕೆಯ ವಿಜಾಪುರ ಜಿಲ್ಲೆಯದು. ಆ ಜಿಲ್ಲೆಗೂ 1885ರವರೆಗೆ ಕಲಾದಗಿಯೇ ಮುಖ್ಯಸ್ಥಳವಾಗಿತ್ತು. ಇಂದು ಒಂದೇ ಜಿಲ್ಲೆಯಲ್ಲಿ ಒಂದಕ್ಕೊಂದು ಹತ್ತಿಕೊಂಡಿರುವ ನಾಲ್ಕು ತಾಲ್ಲೂಕುಗಳು ಅಂದು ನಾಲ್ಕು ಒಡೆತನ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಕರಗಿದವು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ‘ಹಳೆಯ ಕಾಲ ಒಂದೇ ಮನೆಯಂತಿತ್ತು’ ಎಂದು ನಿಟ್ಟುಸಿರು ಬಿಡುವವರು ಆ ಗಡಿಯ ಗೆರೆಗಳ ಮೇಲೆ ಬೆರಳಾಡಿಸಲಿ. ಒಂದೇ ಹೊಳೆಯ ನೀರು ಕುಡಿದವರು ಬೇರೆ ಬೇರೆ ದೊರೆಗೆ ತೆರಿಗೆ ಕಟ್ಟಿದರು, ಬೇರೆ ಬೇರೆ ಕಚೇರಿಯ ಮುಂದೆ ಕೈಕಟ್ಟಿ ನಿಂತರು. ನಕಾಶೆ ಹಳಹಳಿಕೆಗೆ ಒದಗುವ ಕಾಗದವಲ್ಲ. ಸರಿಯಾಗಿ ಓದಿದರೆ ಅದು ಹಳಹಳಿಕೆಯನ್ನು ಬಿಡಿಸುತ್ತದೆ.

ಇನ್ನು ಮುಖ್ಯ ವಿಷಯ. 524.256. ಈ ಅಂಕಿಯನ್ನು ಬಾಯಿಪಾಠ ಹೇಳದ ರಾಜಕಾರಣಿ ನಮ್ಮ ಜಿಲ್ಲೆಯಲ್ಲಿ ಸಿಗುವುದಿಲ್ಲ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನಲ್ಲಿ ಇಂದು ನೀರು ನಿಲ್ಲಿಸುವ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್. 2000ದಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ಮಿತಿ ಅದು. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಮಹಾರಾಷ್ಟ್ರದ ತಕರಾರು, ನಮ್ಮವರ ಪಾದಯಾತ್ರೆ, ಚುನಾವಣೆಯ ಭಾಷಣ ಎಲ್ಲವೂ ಈ ಎರಡು ಅಂಕಿಗಳ ನಡುವಿನ 4.656 ಮೀಟರಿನಲ್ಲಿವೆ.

ಆದರೆ ದಶಮಾಂಶದ ಮುಂದೆ ಮೂರು ಅಂಕಿ ಇಟ್ಟುಕೊಂಡ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ನಾವು ಕೇಳಿದ್ದೇವೆಯೇ? ಒಂದು ಅಡಿಗೆ 0.3048 ಮೀಟರ್. 1720ನ್ನು ಅದರಿಂದ ಗುಣಿಸಿ. 524.256 ಬರುತ್ತದೆ, ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲದೆ. ಅಂದರೆ ಇದು 1720 ಅಡಿಯ ಗೆರೆ. ಮೀಟರಿನ ಅಂಗಿ ತೊಟ್ಟು ಬಂದಿದೆ, ಅಷ್ಟೆ. ನಮ್ಮ ಹೊಲಮನೆಗಳ ಹಣೆಬರಹ ಇಂದಿಗೂ ಅಡಿ-ಮೈಲಿಗಳ ಕಾಲದ ಲೆಕ್ಕದಲ್ಲೇ ಇದೆ.

ಈಗ ಇಂಚು-ಮೈಲಿಯ ಆ ಹಳೆಯ ಹಾಳೆಗೆ ಹಿಂದಿರುಗಿ. ಅಂಥ ಹಾಳೆಗಳಲ್ಲಿ ಸಮೋನ್ನತ ರೇಖೆಗಳನ್ನು ಸಾಮಾನ್ಯವಾಗಿ 50 ಅಡಿಗೊಂದರಂತೆ ಎಳೆಯುತ್ತಿದ್ದರು. 1700ರ ಗೆರೆಯಿದೆ, 1750ರ ಗೆರೆಯಿದೆ. 1720ರ ಗೆರೆ ಇಲ್ಲ. ಆಮೇಲೆ ಬಂದ 1:50,000ದ ಹಾಳೆಗಳಲ್ಲಿ 20 ಮೀಟರಿಗೊಂದು ಗೆರೆ. ಅಲ್ಲಿ 520 ಇದೆ, 540 ಇದೆ, 524 ಇಲ್ಲ. ಇವತ್ತಿನ ತುಂಬಿದ ಹಿನ್ನೀರಿನ ಅಂಚು ಹೆಚ್ಚುಕಡಿಮೆ 520ರ ಗೆರೆಯೇ. ನಾಳೆ ಬರಲಿರುವ ನೀರಿನ ಅಂಚು ಎರಡು ಗೆರೆಗಳ ನಡುವಿನ ಬಿಳಿ ಜಾಗದಲ್ಲಿ ಎಲ್ಲೋ ಇದೆ. ಹೊಳೆದಂಡೆಯ ಎರೆ ಹೊಲಗಳಲ್ಲಿ ಗೆರೆಗಳು ದೂರದೂರ ಮಲಗಿರುತ್ತವೆ, ಅಂದರೆ ನೆಲ ಸಪಾಟಾಗಿದೆ. ಕಿಲೋಮೀಟರಿಗೆ ಒಂದೇ ಮೀಟರ್ ಏರುವ ಇಳುಕಲು ಎಂದುಕೊಂಡರೆ, ನೀರು 4.656 ಮೀಟರ್ ಏರಿದಾಗ ನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು ಒಳಕ್ಕೆ ಬರುತ್ತದೆ. ಆ ಬಿಳಿ ಜಾಗದಲ್ಲಿ ಯಾರ ಹೊಲವಿದೆ, ಯಾರ ಬಾವಿಯಿದೆ, ಯಾರ ಅಜ್ಜನ ಗದ್ದಿಗೆಯಿದೆ ಎಂಬುದೇ ನಮ್ಮ ಕಣಿವೆಯ ಇವತ್ತಿನ ಪ್ರಶ್ನೆ.

ಇದು ಕಾಗದದ ಮೇಲಿನ ಆಟವಲ್ಲ. ಮೂರನೆಯ ಹಂತದ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಮುಳುಗಲಿರುವ ಜಮೀನು 75,563 ಎಕರೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ಒಂದು ಕಾಗದದ ಮೇಲೆ ಹೊಲದ ಪಕ್ಕ ನೀರಿನ ಗುರುತು ಇದೆಯೋ ಇಲ್ಲವೋ ಎಂಬುದಕ್ಕೆ ಎಕರೆಗೆ ಹತ್ತು ಲಕ್ಷದ ಬೆಲೆ. ಟೊಪೊಶೀಟಿನ ಚುಕ್ಕೆಯಿಂದ ಈ ಲೆಕ್ಕ ತೀರುವುದಿಲ್ಲ, ಅದಕ್ಕೆ ಉತಾರ ಬೇಕು, ಜಂಟಿ ಮೋಜಣಿ ಬೇಕು ಎಂಬುದು ನನಗೆ ಗೊತ್ತು. ಆದರೆ ಕಾಗದದ ಮೇಲಿನ ಗುರುತನ್ನು ಓದಲು, ಅದನ್ನು ಪ್ರಶ್ನಿಸಲು ಕಲಿಯದ ಊರು ಯಾವ ಕಾಗದದ ಮುಂದೆಯೂ ಹೆಬ್ಬೆಟ್ಟು ಒತ್ತುವ ಊರಾಗಿಯೇ ಉಳಿಯುತ್ತದೆ.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳಿಂದ ಒಂದು ಆಕ್ಷೇಪ ಬರುತ್ತದೆ. ನಕಾಶೆ ಎಂದರೆ ಅಧಿಕಾರದ ಸಾಧನ, ಬ್ರಿಟಿಷರು ಇದನ್ನು ಬರೆಸಿದ್ದು ತೆರಿಗೆಗೂ ದಂಡಿಗೂ, ಇದರಲ್ಲಿರುವುದು ಆಳುವವನ ಕಣ್ಣು, ಜನರ ಭೂಗೋಳ ಜನರ ನೆನಪಿನಲ್ಲಿ, ಹಾಡಿನಲ್ಲಿ ಇದೆ. ಈ ವಾದವನ್ನು ನಾನೂ ಒಂದು ಕಾಲದಲ್ಲಿ ವಿಚಾರ ಸಂಕಿರಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದವನು. ಅದರ ಅರ್ಧ ನಿಜ. ಹಾಳೆಯಲ್ಲಿ ಬಾವಿಯ ಗುರುತಿದೆ, ಆ ಬಾವಿಗೆ ಯಾರು ಕೊಡ ಇಳಿಸಬಹುದಿತ್ತು, ಯಾರು ದೂರ ನಿಂತು ಕಾಯಬೇಕಿತ್ತು ಎಂಬುದಿಲ್ಲ. ಗುಡಿಯ ಗುರುತಿದೆ, ಅದರ ಹೊಸ್ತಿಲ ಹೊರಗೆ ನಿಂತವರಿಲ್ಲ. ಬನಹಟ್ಟಿಯ ಮನೆಗಳು ಕಪ್ಪು ಚೌಕಗಳಾಗಿವೆ, ಒಳಗಿನ ಕುಣಿಮಗ್ಗದ ಸದ್ದು ಇಲ್ಲ. ಸಂಸ್ಥಾನದ ಮರಾಠಿ ದಫ್ತರಗಳನ್ನೂ ಇಂಗ್ಲಿಷ್ ಕಿವಿಗಳನ್ನೂ ದಾಟಿ ಬಂದ ಊರುಗಳ ಹೆಸರುಗಳು ಸವೆದಿವೆ. ನಮ್ಮ ಬೀಳಗಿ ಅಲ್ಲಿ ‘ಬಿಲ್ಗಿ’.

ವಾದದ ಇನ್ನರ್ಧ ಸೋಮಾರಿತನ. ಆಳುವವನು ಬರೆದದ್ದು ಎಂಬ ಕಾರಣಕ್ಕೆ ಓದದೆ ಬಿಡುವುದಾದರೆ ಶಾಸನಗಳನ್ನೂ ಬಿಡಬೇಕಾಗುತ್ತದೆ. ಶಾಸನ ಹೊಡೆಸಿದವನು ಬಡ ಒಕ್ಕಲಿಗನೇ? ಅರಸನ ಶಾಸನದಿಂದ ಕೆರೆಯ ಹೆಸರು, ತೆರಿಗೆಯ ಹೆಸರು, ಹೆಣ್ಣುಮಕ್ಕಳ ಹೆಸರು ಬಿಡಿಸಿ ತೆಗೆಯಲು ಕಲಿತ ನಮಗೆ ನಕಾಶೆಯಿಂದ ತೆಗೆಯಲು ಏನು ಅಡ್ಡಿ? ‘ಜನರ ನೆನಪಿದೆಯಲ್ಲ’ ಎಂಬ ಸಮಾಧಾನ ಇನ್ನೂ ಅಪಾಯದ್ದು. ನೆನಪು ನೆಲಕ್ಕೆ ಕಟ್ಟಿಕೊಂಡಿರುತ್ತದೆ. ನೆಲ ಹೋದ ಮೇಲೆ ಒಂದು ತಲೆಮಾರು ಹೇಳುತ್ತದೆ, ಇನ್ನೊಂದು ಕೇಳುತ್ತದೆ, ಮೂರನೆಯದು ಮೊಬೈಲು ನೋಡುತ್ತದೆ. ಹಳೆಯ ಬಾಗಲಕೋಟೆಯ ಓಣಿಗಳಲ್ಲಿ ಹುಟ್ಟಿದವರ ಮೊಮ್ಮಕ್ಕಳು ಇಂದು ನವನಗರದಲ್ಲಿ ತಮ್ಮ ವಿಳಾಸವನ್ನು ಸೆಕ್ಟರ್ ನಂಬರಿನಲ್ಲಿ ಹೇಳುತ್ತಾರೆ. ಅದು ಅವರ ತಪ್ಪಲ್ಲ. ಓಣಿಯ ಹೆಸರನ್ನು ನೇತುಹಾಕಲು ಅವರಿಗೆ ಗೂಟವೇ ಉಳಿದಿಲ್ಲ.

ಜನರ ಭೂಗೋಳ ಹಾಡಿನಲ್ಲಿದೆ ಎಂದವರಿಗೆ ಹಲಗಲಿಯನ್ನು ನೆನಪಿಸುತ್ತೇನೆ. 1857ರಲ್ಲಿ ಆಯುಧ ಒಪ್ಪಿಸಿ ಎಂದ ಬ್ರಿಟಿಷರಿಗೆ ಒಪ್ಪಿಸುವುದಿಲ್ಲ ಎಂದ ಬೇಡರ ಊರು ಅದು, ಇಂದಿನ ಮುಧೋಳ ತಾಲ್ಲೂಕಿನದು. ಅವರ ಲಾವಣಿಯನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ, ಪ್ರಶ್ನೋತ್ತರ ಬರೆದು ಅಂಕ ಪಡೆದಿದ್ದೇವೆ. ಆದರೆ ದಂಡು ಯಾವ ದಿಕ್ಕಿನಿಂದ ಬಂದೀತು, ಊರ ಸುತ್ತ ಗುಡ್ಡ ಎಲ್ಲಿದೆ, ಬಯಲು ಎಲ್ಲಿದೆ, ತಪ್ಪಿಸಿಕೊಳ್ಳಲು ಯಾವ ಹಳ್ಳ ಇದ್ದೀತು ಎಂದು ತರಗತಿಯಲ್ಲಿ ಯಾರಾದರೂ ಕೇಳಿದ್ದರೇ? ಟೊಪೊಶೀಟಿನಲ್ಲಿ ಹಲಗಲಿ ಬರೀ ಒಂದು ಹೆಸರು, ಅಲ್ಲಿ ಬಂದೂಕಿನ ಸದ್ದಿಲ್ಲ. ಲಾವಣಿಯಲ್ಲಿ ಸದ್ದು ಇದೆ, ನೆಲದ ಏರಿಳಿತ ಇಲ್ಲ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ ಮೇಷ್ಟರಿಗೆ ಲಾವಣಿಯ ಪಾಠ ಬೇರೆಯೇ ಆಗಿ ಕೇಳಿಸುತ್ತದೆ.

ನಕಾಶೆ ನಮ್ಮ ಸಂಸ್ಕೃತಿಯದಲ್ಲ ಎನ್ನುವವರಿಗೂ ಒಂದು ಮಾತು. ಕವಿರಾಜಮಾರ್ಗ ಕನ್ನಡ ನಾಡನ್ನು ಹೇಳುವಾಗ ಎರಡು ನದಿಗಳನ್ನು ಎಲ್ಲೆಯಾಗಿ ಹಿಡಿಯುತ್ತದೆ, ತಿರುಳ್ಗನ್ನಡದ ಸೀಮೆಯನ್ನು ನಾಲ್ಕು ಊರುಗಳನ್ನು ಹೆಸರಿಸಿ ಗುರುತಿಸುತ್ತದೆ. ಆ ನಾಲ್ಕರಲ್ಲಿ ಒಂದಾದ ಕಿಸುವೊಳಲು ನಮ್ಮದೇ ಜಿಲ್ಲೆಯ ಪಟ್ಟದಕಲ್ಲು. ಇದು ಮಾತಿನಲ್ಲಿ ಬರೆದ ನಕಾಶೆಯಲ್ಲದೆ ಮತ್ತೇನು? ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ತನ್ನ ಊರನ್ನು ಹೇಳಿಕೊಂಡ ಬಗೆ ನೋಡಿ. ಬೆಳುಗಲಿ ಐನೂರು, ಅದರೊಳಗೆ ಜಂಬುಖಂಡಿ ಎಪ್ಪತ್ತು, ಅದರೊಳಗೆ ಮುದುವೊಳಲು. ದೊಡ್ಡ ಚೌಕ, ಅದರೊಳಗೆ ಸಣ್ಣ ಚೌಕ, ಅದರೊಳಗೆ ಊರು. ‘47 ಪಿ’ಯ ಏಳನೆಯ ಹಾಳೆ ಎನ್ನುವುದಕ್ಕೂ ಇದಕ್ಕೂ ಕ್ರಮದಲ್ಲಿ ಏನು ವ್ಯತ್ಯಾಸವಿದೆ? ಕವಿಚಕ್ರವರ್ತಿಗೆ ತನ್ನ ಊರಿನ ಜಾಗವನ್ನು ಕರಾರುವಾಕ್ಕಾಗಿ ಹೇಳುವುದು ಕವಿತೆಗೆ ಕಡಿಮೆಯಾದ ಕೆಲಸ ಎನಿಸಲಿಲ್ಲ. ನಮಗೆ ಅನಿಸುತ್ತದೆ. ನಾವು ಮುಳುಗಡೆಯನ್ನು ರೂಪಕ ಮಾಡಿಕೊಂಡೆವು. ನಮ್ಮ ಕವನಗಳಲ್ಲಿ ಮುಳುಗಿದ ಊರಿಗೆ ಹೆಸರಿಲ್ಲ, ದಿಕ್ಕಿಲ್ಲ, ಎತ್ತರವಿಲ್ಲ. ಕಣ್ಣೀರು ಮಾತ್ರ ಇದೆ, ಅದೂ ಎಲ್ಲ ಊರಿಗೂ ಒಂದೇ ಅಳತೆಯದು.

ಸರ್ಕಾರದ ಪಾಲಿನ ಮಾತನ್ನೂ ಆಡಬೇಕು. ಈ ದೇಶದಲ್ಲಿ ಟೊಪೊಶೀಟ್ ಎಂದರೆ ದಶಕಗಳ ಕಾಲ ಬೀಗ ಹಾಕಿ ಇಡುವ ವಸ್ತುವಾಗಿತ್ತು. 2005ರ ನಕ್ಷಾ ನೀತಿ ರಕ್ಷಣೆಗೆ ಒಂದು ಸರಣಿ, ಜನರಿಗೆ ಒಂದು ಸರಣಿ ಎಂದು ಎರಡು ಮಾಡಿತು. 2021ರ ಫೆಬ್ರವರಿಯಲ್ಲಿ ಬಂದ ಹೊಸ ಮಾರ್ಗಸೂಚಿ ಬಹಳಷ್ಟು ಕಟ್ಟುಗಳನ್ನು ಸಡಿಲಿಸಿತು. ಆದರೂ ಕಚೇರಿಯ ಮನಸ್ಸು ಅಷ್ಟು ಬೇಗ ಸಡಿಲುವುದಿಲ್ಲ. ಅಣೆಕಟ್ಟಿಗೆ ಮುಂಚಿನ ಹಾಳೆ ನೋಡಬೇಕು ಎಂದು ನಾನು ಒಂದು ಕಚೇರಿಯಲ್ಲಿ ಕೇಳಿದಾಗ ಎದುರಿಗಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಅದನ್ಯಾಕ ಬೇಕಾತ್ರೀ ನಿಮಗ? ಕೋರ್ಟ್ ಕೇಸ್ ಏನಾರ ಐತೇನು?’ ಎಂದರು. ಕೇಸಿಲ್ಲ, ಓದಬೇಕು ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಓದುವುದಕ್ಕಾಗಿ ನಕಾಶೆ ಕೇಳುವವನು ಕೇಸು ಹಾಕುವವನಿಗಿಂತ ಹೆಚ್ಚು ಅನುಮಾನದ ಮನುಷ್ಯನಾಗಿ ಕಂಡಿರಬೇಕು.

ಇದೇ ಹೊತ್ತಿಗೆ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣಕ್ಕೆ ಹೋದರೆ, 1950ರ ದಶಕದಲ್ಲಿ ಅಲ್ಲಿಯ ಸೈನ್ಯದ ನಕಾಶೆ ವಿಭಾಗ ಸಿದ್ಧಪಡಿಸಿದ ಭಾರತದ ಹಾಳೆಗಳು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. ಅಳತೆ ಸಣ್ಣದು, ಎರಡೂವರೆ ಲಕ್ಷಕ್ಕೆ ಒಂದು. ಅಲ್ಲಿ ಹೊಲ ಕಾಣುವುದಿಲ್ಲ, ಬಾವಿ ಕಾಣುವುದಿಲ್ಲ. ಆದರೆ ಅಣೆಕಟ್ಟಿಗೆ ಮುಂಚಿನ ಕೃಷ್ಣೆ ಕಾಣುತ್ತಾಳೆ. ಬೀಳಗಿಯ ಹುಡುಗಿಯೊಬ್ಬಳು ತನ್ನಜ್ಜಿ ತುಂಬಿಕೊಂಡು ಬರುತ್ತಿದ್ದ ಹೊಳೆಯ ಹಳೆಯ ತಿರುವನ್ನು ನೋಡಲು ಟೆಕ್ಸಾಸಿನ ಬಾಗಿಲು ತಟ್ಟಬೇಕೆಂದರೆ ನಾಚಿಕೆ ಯಾರಿಗೆ ಆಗಬೇಕು? ಮುಳುಗಿದ ಮತ್ತು ಮುಳುಗಲಿರುವ ಪ್ರದೇಶದ ಅಣೆಕಟ್ಟು-ಪೂರ್ವದ ಇಂಚಿನ ಹಾಳೆಗಳನ್ನು ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಈ ನಾಲ್ಕು ತಾಲ್ಲೂಕುಗಳ ಪ್ರತಿ ಶಾಲೆಗೆ, ಪ್ರತಿ ಗ್ರಾಮ ಪಂಚಾಯಿತಿಗೆ ಕೊಡುವುದು ಪರಿಹಾರದ ಒಂದು ಭಾಗವೇ ಆಗಬೇಕು. ಎಕರೆಗೆ 40 ಲಕ್ಷ ಕೊಡುವ ಸರ್ಕಾರಕ್ಕೆ ನಾಲ್ಕು ಹಾಳೆ ಕಾಗದ ಭಾರವಾಗಬಾರದು.

ಉಪಗ್ರಹ ಚಿತ್ರ ಇರುವಾಗ ಹಳೆಯ ಕಾಗದ ಯಾಕೆ ಎನ್ನುವ ಇಂಜಿನಿಯರ್ ಮಿತ್ರರಿದ್ದಾರೆ. ಅವರ ಉಪಕರಣಗಳ ಮುಂದೆ ಹಳೆಯ ಸಮೋನ್ನತ ರೇಖೆ ಒರಟು ಎಂಬುದನ್ನು ಒಪ್ಪುತ್ತೇನೆ. ಮಟ್ಟ ಅಳೆಯಲು ಹೊಸದನ್ನೇ ಬಳಸಿ. ಆದರೆ ಉಪಗ್ರಹಕ್ಕೆ ನೀರು ಕಾಣುತ್ತದೆ, ನೀರಿನ ಕೆಳಗಿನ ಅಗಸಿ ಬಾಗಿಲು ಕಾಣುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಚಿತ್ರಕ್ಕೆ ಹೆಸರುಗಳಿಲ್ಲ. ನಕಾಶೆ ತಪ್ಪಾಗಿಯಾದರೂ ಹೆಸರು ಹೇಳುತ್ತದೆ. ತಪ್ಪು ಹೇಳಿದರೆ ತಿದ್ದಬಹುದು. ಮೌನವಾಗಿದ್ದರೆ ತಿದ್ದುವುದು ಹೇಗೆ? ಇನ್ನೊಂದು ಮಾತು. 2019ರ ಆಗಸ್ಟಿನಲ್ಲಿ ಘಟಪ್ರಭೆ ಮುಧೋಳ ತಾಲ್ಲೂಕಿನ ಊರುಗಳಿಗೆ ನುಗ್ಗಿದಾಗ, ಹೊಳೆ ದಾರಿ ತಪ್ಪಿತು ಎಂದೇ ನಾವು ಮಾತಾಡಿಕೊಂಡೆವು. ಹೊಳೆಗೆ ತನ್ನ ದಾರಿ ಗೊತ್ತಿರುತ್ತದೆ. ಹಿಂದೆ ನೀರು ಎಲ್ಲಿ ಹರಡಿಕೊಳ್ಳುತ್ತಿತ್ತು, ಕಪ್ಪು ಗೆರೆಯ ಯಾವ ಹಳ್ಳ ಈಗ ಕಬ್ಬಿನ ಹೊಲದ ಅಡಿಯಲ್ಲಿ, ಯಾವುದು ಪ್ಲಾಟುಗಳ ಅಡಿಯಲ್ಲಿ ಅಡಗಿದೆ ಎಂದು ಕೇಳಲು ಹಳೆಯ ಹಾಳೆಯಂಥ ಸಾಕ್ಷಿ ಇನ್ನೊಂದಿಲ್ಲ.

ಸಾಕ್ಷಿ ಎಂದೆ. ಒಂದು ಸಂಜೆಯ ಮಾತು ಹೇಳಿ ಮುಗಿಸುತ್ತೇನೆ. ಪುನರ್ವಸತಿ ಕೇಂದ್ರವೊಂದರ ಕಟ್ಟೆಯ ಮೇಲೆ ಕುಳಿತ ಅಜ್ಜನೊಬ್ಬರ ಮುಂದೆ ಹಾಳೆಯ ಪ್ರತಿಯನ್ನು ಹಾಸಿದೆ. ಓದುಬರಹ ಅಷ್ಟಕ್ಕಷ್ಟೆ. ಇಂಗ್ಲಿಷ್ ಅಕ್ಷರ ಅವರಿಗೆ ಇರುವೆಯ ಸಾಲು. ಹೊಳೆ ಯಾವ ಕಡೆ ಹರಿಯುತ್ತದೆ ಎಂದಷ್ಟೇ ತೋರಿಸಿದೆ. ಅವರು ಹಾಳೆಯನ್ನು ಮೆಲ್ಲಗೆ ತಿರುಗಿಸಿ, ಹೊಳೆಗೆ ಮುಖ ಮಾಡಿ ನಿಂತವರು ನೋಡುವಂತೆ ಇಟ್ಟುಕೊಂಡರು. ಉತ್ತರ ಮೇಲೆ ಇರಬೇಕೆಂಬ ನಮ್ಮ ಶಾಲೆಯ ನಿಯಮ ಅವರಿಗೆ ಬೇಕಾಗಿರಲಿಲ್ಲ. ಆಮೇಲೆ ಬೆರಳು ಕಂದು ಗೆರೆಯೊಂದರ ಗುಂಟ ಹೊರಟಿತು.

‘ತಮ್ಮಾ, ಇಲ್ಲಿ ಮಡ್ಡಿ ಇಳೀತೈತಿ. ಇಲ್ಲೆ ನಮ್ಮ ಹೊಲ. ಇದರ ಬಾಜೂಕ ಹಳ್ಳ. ಈ ಹಳ್ಳದಾಗ ಒಂದು ಬಸರಿ ಗಿಡ ಇತ್ತು, ಅದರ ಬುಡಕ ಎತ್ತು ಬಿಟ್ಟು ಬುತ್ತಿ ಉಣ್ಣತಿದ್ವಿ. ಗಿಡಾ ಬರದಿಲ್ಲಲ್ಲೋ ಇದರಾಗ?’

ಬರೆದಿಲ್ಲ ಅಜ್ಜಾರ, ಎಂದೆ.

‘ಹಂಗಾರ ಬರಿ ಮತ್ತ. ಪೆನ್ ಐತಿಲ್ಲ ನಿನ್ನಂತೇಲಿ?’

ಇಷ್ಟು ದಿನ ನಾನು ಕಟ್ಟುತ್ತ ಬಂದಿದ್ದ ವಾದವೆಲ್ಲ ಈ ಒಂದು ಮಾತಿನಲ್ಲಿತ್ತು. ಅಜ್ಜ ನಕಾಶೆಯನ್ನು ಪೂಜಿಸಲಿಲ್ಲ, ಧಿಕ್ಕರಿಸಲೂ ಇಲ್ಲ. ತನ್ನ ಹೊಲದ ಕಾಗದದಲ್ಲಿ ತಪ್ಪು ಬಿದ್ದಿದ್ದರೆ ತಲಾಟಿಗೆ ಹೇಳುವಂತೆ, ತಿದ್ದು ಎಂದರು.

ನಮ್ಮ ಕಣಿವೆಗೆ ತಿದ್ದುವುದು ಹೊಸದಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಬೇಕು ಎಂದು ಕೇಳಿ ಕೇಳಿ ದಣಿದ ರೈತರು ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ತಾವೇ ದುಡ್ಡು ಕೂಡಿಸಿ, ತಾವೇ ಕಲ್ಲು ಹೊತ್ತು 1989ರಲ್ಲಿ ಅದನ್ನು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಹಳೆಯ ಹಾಳೆಯಲ್ಲಿ ಬರೀ ಹೊಳೆ ಇದ್ದ ಜಾಗದಲ್ಲಿ ಹೊಸದೊಂದು ಗೆರೆ ಬಿದ್ದದ್ದು ದೆಹಲಿಯಿಂದಲೂ ಅಲ್ಲ, ಬೆಂಗಳೂರಿನಿಂದಲೂ ಅಲ್ಲ. ಹೊಳೆಯ ಮೇಲೆ ಗೆರೆ ಎಳೆದವರ ಮಕ್ಕಳು ಕಾಗದದ ಮೇಲೆ ಎಳೆಯಲಾರರೇ?

ಹಾಗಾಗಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಾಲೇಜುಗಳಲ್ಲಿ ಕನ್ನಡ ಓದುತ್ತಿರುವವರಿಗೆ ನನ್ನ ಒತ್ತಾಯ ಇಷ್ಟು. ಬರುವ ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ. ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದಲ್ಲಿ ಗುಡಿ ನೀರಿನಿಂದ ಮೇಲೇಳುತ್ತದೆ. ಆಗ ಹಾಳೆಯ ನಾಲ್ಕು ಪ್ರತಿ ಹಿಡಿದುಕೊಂಡು, ಒಬ್ಬ ಹಿರಿಯರನ್ನೋ ಒಬ್ಬ ಮುದುಕಿಯನ್ನೋ ಜೊತೆಗೆ ಕರೆದುಕೊಂಡು ನಡೆಯಿರಿ. ಗಂಡಸರನ್ನು ಮಾತ್ರ ಕೇಳಬೇಡಿ. ಹೊಲದ ಹೆಸರು ಅವರಿಗೆ ಗೊತ್ತಿದ್ದರೆ ನೀರಿನ ದಾರಿ, ಸೊಪ್ಪಿನ ಜಾಗ, ಬಾಣಂತಿ ಬಟ್ಟೆ ಒಗೆಯುವ ಕಲ್ಲು ಹೆಣ್ಣುಮಕ್ಕಳಿಗೆ ಗೊತ್ತು. ಬಾವಿಯ ಗುರುತಿನ ಪಕ್ಕ ಅಲ್ಲಿ ಯಾರಿಗೆ ನೀರಿತ್ತು, ಯಾರಿಗೆ ಇರಲಿಲ್ಲ ಎಂದು ಬರೆಯಿರಿ. ಹಳ್ಳಕ್ಕೆ, ಮಡ್ಡಿಗೆ, ಮಡುವಿಗೆ ಊರವರು ಕರೆಯುವ ಹೆಸರು ಬರೆಯಿರಿ. ಗಲಗಲಿಗೆ ಹೋದರೆ ಅಲ್ಲಿಯ ಅವ್ವನ ಹಾಡು ಯಾವ ದಂಡೆಯಲ್ಲಿ ಕೇಳುತ್ತಿತ್ತು ಎಂದು ವಿಚಾರಿಸಿ. ಎಲ್ಲವನ್ನೂ ಕನ್ನಡದಲ್ಲಿ, ಆ ಇಂಗ್ಲಿಷ್ ಹೆಸರುಗಳ ಪಕ್ಕದಲ್ಲೇ, ಹಾಳೆಯ ಮೇಲೆಯೇ ಬರೆಯಿರಿ. ಅದು ಯಾವ ಪಿಎಚ್‌ಡಿಗೂ ಕಡಿಮೆಯಾದ ಕೆಲಸವಲ್ಲ.

1700ರ ಗೆರೆಗೂ 1750ರ ಗೆರೆಗೂ ನಡುವೆ ಇನ್ನೂ ಒಣ ನೆಲವಿದೆ. ಅಲ್ಲಿ ಜನ ಜೋಳ ಬಿತ್ತುತ್ತಾರೆ, ಕಬ್ಬು ಕಡಿಯುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಅಣೆಕಟ್ಟಿನ ಗೇಟು ಏರಿಸುವ ದಿನವನ್ನು ಬೇರೆ ಯಾರೋ ಗೊತ್ತುಮಾಡುತ್ತಾರೆ. ಪೆನ್ನು ತೆಗೆಯುವ ದಿನವನ್ನು ನಾವು ಗೊತ್ತುಮಾಡಬಹುದು. ಆ ಸಂಜೆ ನಾನು ಬಸರಿ ಗಿಡವನ್ನು ಬರೆದೆ. ಕೈ ನಡುಗಿ ಅದು ಸ್ವಲ್ಪ ಸೊಟ್ಟಗಾಯಿತು. ಅಜ್ಜ ಕಣ್ಣು ಕಿರಿದು ಮಾಡಿ ನೋಡಿ, ‘ಇನ್ನೊಂದೀಟ ಆಚೀಕಡೆ ಇತ್ತು’ ಎಂದರು. ಅಳಿಸಿ ಮತ್ತೆ ಬರೆದೆ.